ಜಿಲ್ಲೆಯ ಉತ್ಪನ್ನ ಬೆಳೆದರೆ ಜಿಲ್ಲೆ ಬೆಳೆದಂತೆಯೇ? ಕಲ್ಯಾಣ ಕರ್ನಾಟಕದ ಅಂಕಿಅಂಶಗಳನ್ನು ಓದುವ ಬಗೆ

ಪ್ರಶ್ನೆ: ಎಡದಂಡೆ

ನಾನು ರಾಯಚೂರು ಜಿಲ್ಲೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ಪ್ರಾದೇಶಿಕ ಅಸಮಾನತೆಯ ಪಾಠಕ್ಕಾಗಿ ರಾಜ್ಯದ ಆರ್ಥಿಕ ಸಮೀಕ್ಷೆಯ ಜಿಲ್ಲಾವಾರು ಕೋಷ್ಟಕಗಳನ್ನು ತೆಗೆದುಕೊಂಡು ಕುಳಿತಿದ್ದೇನೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಒಟ್ಟು ಉತ್ಪನ್ನವೂ ತಲಾ ಆದಾಯವೂ ಹತ್ತು ವರ್ಷಗಳಲ್ಲಿ ಗಣನೀಯವಾಗಿ ಏರಿರುವುದು ಅಲ್ಲಿ ಕಾಣುತ್ತದೆ. ಆದರೆ ಸುಗ್ಗಿ ಮುಗಿಯುತ್ತಲೇ ನಮ್ಮ ಊರಿನಿಂದ ಬೆಂಗಳೂರಿಗೆ ಹೊರಡುವ ಬಸ್ಸುಗಳು ಗುಳೆ ಹೋಗುವವರ ಗಂಟುಮೂಟೆಗಳಿಂದ ತುಂಬುವುದು ಮಾತ್ರ ನಿಂತಿಲ್ಲ. ಅಂಕಿಗಳು ತಪ್ಪೇ, ಅಥವಾ ನಾನು ಓದುತ್ತಿರುವ ರೀತಿ ತಪ್ಪೇ? ದೀರ್ಘಾವಧಿಯ ಬೆಳವಣಿಗೆಯನ್ನು ಅಳೆಯಲು ಯಾವ ಸೂಚಕವನ್ನು ಮುಂದಿಟ್ಟುಕೊಳ್ಳಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಲೆಕ್ಕದ ಪುಸ್ತಕ

ಅಂಕಿಗಳು ತಪ್ಪಲ್ಲ. ಆದರೆ ಅವು ಉತ್ತರಿಸುವ ಪ್ರಶ್ನೆ ನಿಮ್ಮ ಪ್ರಶ್ನೆಯಲ್ಲ.

ನಮ್ಮ ದೇಶದಲ್ಲಿ ರಾಜ್ಯದ ಮತ್ತು ಜಿಲ್ಲೆಯ ಉತ್ಪನ್ನವನ್ನು ಆದಾಯ ಹುಟ್ಟುವ ಸ್ಥಳದ ಆಧಾರದ ಮೇಲೆ ಲೆಕ್ಕ ಹಾಕುತ್ತಾರೆ. ಆ ಆದಾಯ ಕೊನೆಗೆ ಯಾರ ಮನೆ ಸೇರಿತು ಎಂಬುದನ್ನು ಈ ಪದ್ಧತಿ ಕೇಳುವುದಿಲ್ಲ. ನಿಮ್ಮ ಜಿಲ್ಲೆಯನ್ನೇ ನೋಡಿ. ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ, ಯರಮರಸ್‌ನಲ್ಲಿ ಇನ್ನೂ 1,600 ಮೆಗಾವಾಟ್ ಇದೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಇವುಗಳ ಮೌಲ್ಯವರ್ಧನೆಯೆಲ್ಲ ರಾಯಚೂರಿನ ಖಾತೆಗೆ ಜಮೆಯಾಗುತ್ತದೆ. ಉತ್ಪಾದನೆಯಾದ ವಿದ್ಯುತ್ತು ರಾಜ್ಯದ ಜಾಲಕ್ಕೆ ಹೋಗುತ್ತದೆ, ಲಾಭವು ಕಂಪನಿಯ ಲೆಕ್ಕಕ್ಕೆ ಹೋಗುತ್ತದೆ, ಜಿಲ್ಲೆಯಲ್ಲಿ ಉಳಿಯುವುದು ಸಂಬಳದ ಒಂದು ಭಾಗ ಮತ್ತು ಹಾರುಬೂದಿ. ಇದಕ್ಕೆ ತದ್ವಿರುದ್ಧವಾಗಿ, ದೇವದುರ್ಗದಿಂದ ಗುಳೆ ಹೋದ ಕಾರ್ಮಿಕನು ಬೆಂಗಳೂರಿನಲ್ಲಿ ಗೋಡೆ ಕಟ್ಟಿದರೆ ಅವನ ಶ್ರಮದ ಮೌಲ್ಯ ಬೆಂಗಳೂರಿನ ನಿರ್ಮಾಣ ವಲಯದ ಉತ್ಪನ್ನವಾಗುತ್ತದೆ. ಅವನು ಮನೆಗೆ ಕಳುಹಿಸುವ ಹಣ ರಾಯಚೂರಿನ ಉತ್ಪನ್ನದಲ್ಲಿ ಕಾಣಿಸುವುದೇ ಇಲ್ಲ.

ಇನ್ನೊಂದು ತೊಡಕೂ ಇದೆ. ಕೃಷಿ, ಗಣಿಗಾರಿಕೆ ಮೊದಲಾದ ವಲಯಗಳಿಗೆ ಜಿಲ್ಲೆಯದೇ ಮಾಹಿತಿ ಸಿಗುತ್ತದೆ. ರೈಲ್ವೆ, ಸಂಪರ್ಕ, ಬ್ಯಾಂಕಿಂಗ್‌ನಂತಹ ವಲಯಗಳಲ್ಲಿ ರಾಜ್ಯಮಟ್ಟದ ಅಂದಾಜನ್ನು ಕೆಲವು ಸೂಚಕಗಳ ಅನುಪಾತದಲ್ಲಿ ಜಿಲ್ಲೆಗಳಿಗೆ ಹಂಚಲಾಗುತ್ತದೆ. ಆದ್ದರಿಂದ ಅಲ್ಲಿ ಕಾಣುವ ಏರಿಕೆಯ ಒಂದಂಶವು ಜಿಲ್ಲೆಯ ಸ್ವಂತ ಚಟುವಟಿಕೆಗಿಂತ ಹಂಚಿಕೆಯ ಸೂತ್ರದ ಫಲವಾಗಿರಬಹುದು. ತಲಾ ಆದಾಯದ ಛೇದದಲ್ಲಿರುವ ಜನಸಂಖ್ಯೆಯೂ 2011ರ ಜನಗಣತಿಯಿಂದ ಮುಂದಕ್ಕೆ ಎಳೆದ ಅಂದಾಜು ಎಂಬುದನ್ನು ನೆನಪಿಡಿ.

ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಬೇಕೆಂಬುದು ನನ್ನ ಸಲಹೆ. ಆ ಸಮಿತಿ 35 ಸೂಚಕಗಳನ್ನು ಬಳಸಿ ಆಗಿದ್ದ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳ ಪೈಕಿ ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ಚಿನ್ನದ ಗಣಿಯ ಲಿಂಗಸುಗೂರು, ಕಬ್ಬಿಣದ ಅದಿರಿನ ಸಂಡೂರು, ಸಿಮೆಂಟಿನ ಸೇಡಂ, ವಾಡಿಯ ಕಾರ್ಖಾನೆಯಿರುವ ಚಿತ್ತಾಪುರ, ತುಂಗಭದ್ರೆಯ ನೀರು ಹರಿಯುವ ಸಿಂಧನೂರು ಎಲ್ಲವೂ ಆ ಪಟ್ಟಿಯಲ್ಲಿವೆ. ನೆಲದಡಿಯ ಸಂಪತ್ತು ಹೊರಗೆ ಬಂದದ್ದೇ ಬೆಳವಣಿಗೆಯಾಗಿದ್ದರೆ ಈ ಹೆಸರುಗಳು ಅಲ್ಲಿರಬೇಕಾಗಿರಲಿಲ್ಲ.

ಉತ್ತರ: ಗಣಿದೂಳು

ಮೇಲಿನ ವಿವರಣೆಗೆ ಎರಡು ಎಚ್ಚರಿಕೆಗಳನ್ನು ಸೇರಿಸಬಯಸುತ್ತೇನೆ.

ಮೊದಲನೆಯದು ಆರಂಭದ ವರ್ಷದ ಆಯ್ಕೆ. ಕೋಷ್ಟಕಗಳು 2011-12ರಿಂದ ಆರಂಭವಾಗುವುದರಿಂದ ಎಲ್ಲರೂ ಅಲ್ಲಿಂದಲೇ ಬೆಳವಣಿಗೆಯ ದರವನ್ನು ಲೆಕ್ಕ ಹಾಕುತ್ತಾರೆ. ಬಳ್ಳಾರಿಯ ಮಟ್ಟಿಗೆ ಆ ವರ್ಷವೇ ಅಸಹಜವಾದುದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿದಿತ್ತು. ಬಿದ್ದ ಜಾಗದಿಂದ ಅಳೆದರೆ ಎದ್ದು ನಿಂತದ್ದೂ ನೆಗೆತದಂತೆ ಕಾಣುತ್ತದೆ. ಕೊನೆಯ ವರ್ಷಕ್ಕೂ ಇದೇ ಮಾತು ಅನ್ವಯಿಸುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಆ ವರ್ಷಕ್ಕೆ ಲೆಕ್ಕ ನಿಲ್ಲಿಸಿದರೆ ತೊಗರಿಯನ್ನೇ ನಂಬಿದ ಕಲಬುರಗಿಯ ಕೃಷಿಗೆ ಅನ್ಯಾಯವಾಗುತ್ತದೆ. ಎರಡೂ ತುದಿಗಳಲ್ಲಿ ಮೂರು ಮೂರು ವರ್ಷಗಳ ಸರಾಸರಿಯನ್ನು, ಅದೂ ಚಾಲ್ತಿ ಬೆಲೆಗಳಲ್ಲಿ ಅಲ್ಲದೆ ಬೆಲೆಯೇರಿಕೆಯನ್ನು ಕಳೆದ ಸ್ಥಿರ ಬೆಲೆಗಳಲ್ಲಿ, ತೆಗೆದುಕೊಳ್ಳುವುದು ಸರಿಯಾದ ಕ್ರಮ.

ಎರಡನೆಯದು ಗಡಿಗಳು. 1997ರಲ್ಲಿ ರಾಯಚೂರಿನಿಂದ ಕೊಪ್ಪಳ, 2009ರ ಕೊನೆಯಲ್ಲಿ ಕಲಬುರಗಿಯಿಂದ ಯಾದಗಿರಿ, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದವು. ಹಳೆಯ ಜಿಲ್ಲೆಗೆ ಹೊಸ ಜಿಲ್ಲೆಯನ್ನು ಮರಳಿ ಕೂಡಿಸದೆ ಮೂವತ್ತು ವರ್ಷಗಳ ಹೋಲಿಕೆ ಮಾಡಿದರೆ ಆ ಲೆಕ್ಕಕ್ಕೆ ಅರ್ಥವಿರುವುದಿಲ್ಲ.

ಉತ್ತರ: ಕಡಲ ದಂಡೆ

ಉತ್ಪನ್ನದ ಲೆಕ್ಕಕ್ಕಿಂತ ನಿಧಾನವಾಗಿ ಬದಲಾಗುವ, ಬದಲಾದ ಮೇಲೆ ಹಿಂದಕ್ಕೆ ಹೋಗದ ಸೂಚಕಗಳನ್ನೇ ದೀರ್ಘಾವಧಿಯ ಅಳತೆಗೆ ಬಳಸಬೇಕೆಂಬುದು ನನ್ನ ಅಭಿಪ್ರಾಯ. ಅವುಗಳಲ್ಲಿ ಮೊದಲನೆಯದು ಶಿಕ್ಷಣ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57 ಇದ್ದಾಗ ಯಾದಗಿರಿಯದು ಶೇ 51.83 ಇತ್ತು. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಮೊದಲ ಸ್ಥಾನದ ದಕ್ಷಿಣ ಕನ್ನಡಕ್ಕೆ ಶೇ 91.12, ಕೊನೆಯ ಸ್ಥಾನದ ಕಲಬುರಗಿಗೆ ಶೇ 42.43 ಬಂದಿದೆ.

ನಮ್ಮ ಕರಾವಳಿಯಲ್ಲಿ ಚಿನ್ನವೂ ಇಲ್ಲ, ಅದಿರೂ ಹೇಳಿಕೊಳ್ಳುವಷ್ಟಿಲ್ಲ. ಆದರೆ ಮಂಗಳೂರು ಉಡುಪಿಗಳಲ್ಲಿ 1906ರಿಂದ 1931ರ ನಡುವೆ ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿದವು. ದೊಡ್ಡ ಕಾರ್ಖಾನೆಗಳಿಗಿಂತ ಎಷ್ಟೋ ಮೊದಲೇ ಶಾಲೆಯೂ ಸಣ್ಣ ಉಳಿತಾಯವೂ ಬೇರೂರಿದ್ದವು. ಇಲ್ಲಿಂದಲೂ ಜನ ಮುಂಬಯಿಗೂ ಕೊಲ್ಲಿ ದೇಶಗಳಿಗೂ ಹೋಗುತ್ತಾರೆ, ಆದರೆ ಕೈಯಲ್ಲಿ ಒಂದು ಪ್ರಮಾಣಪತ್ರವನ್ನೋ ಕಸುಬನ್ನೋ ಹಿಡಿದು ಹೋಗುವವರು ಹೆಚ್ಚು. ವಲಸೆಯ ಸಂಖ್ಯೆಗಿಂತ ಅದರ ಬಗೆ ಮುಖ್ಯ.

ಎಡದಂಡೆ

ಮೂವರಿಗೂ ಕೃತಜ್ಞತೆಗಳು. ಕಡಲ ದಂಡೆಯವರ ಮಾತಿನ ಬಗ್ಗೆ ಒಂದು ಸಣ್ಣ ತಕರಾರಿದೆ. ಕರಾವಳಿಯು ಮದ್ರಾಸ್ ಪ್ರಾಂತ್ಯದಲ್ಲಿದ್ದು ಅಲ್ಲಿ ಮಿಷನ್ ಶಾಲೆಗಳು ಬಂದ ಕಾಲಕ್ಕೆ ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು, ಕನ್ನಡದಲ್ಲಿ ಶಾಲೆ ನಡೆಸುವುದೇ ದೊಡ್ಡ ಹೋರಾಟವಾಗಿತ್ತು. ಹೋಲಿಕೆ ಮಾಡುವಾಗ ಓಟ ಶುರುವಾದ ಗೆರೆಯನ್ನೂ ನೋಡಬೇಕಲ್ಲವೇ? ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿ ನಮಗೆ ದೊರೆತದ್ದು 2013ರಲ್ಲಿ. ಅಲ್ಲಿಂದೀಚೆಗೆ ಈ ಅಂತರ ಮುಚ್ಚಲು ಎಷ್ಟು ಕಾಲ ಹಿಡಿಯಬಹುದು?

ಉತ್ತರ: ಲೆಕ್ಕದ ಪುಸ್ತಕ

ತಕರಾರು ನ್ಯಾಯವಾದುದು. ಕಾಲದ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ. 2022-23ರಲ್ಲಿ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯದಕ್ಕಿಂತ ಸರಿಸುಮಾರು ಐದು ಪಟ್ಟು ಇತ್ತು. ಬೆಂಗಳೂರಿನ ತಲಾ ಆದಾಯ ವರ್ಷಕ್ಕೆ ಶೇ 6ರಂತೆಯೂ ಕಲಬುರಗಿಯದು ಶೇ 8ರಂತೆಯೂ ತಪ್ಪದೆ ಬೆಳೆಯುತ್ತವೆ ಎಂದು ಭಾವಿಸಿದರೆ ಎರಡೂ ಸಮವಾಗಲು ಸುಮಾರು 86 ವರ್ಷ ಬೇಕು. ಕಲಬುರಗಿ ಶೇ 10ರಂತೆ ಬೆಳೆದರೂ 43 ವರ್ಷ ಹಿಡಿಯುತ್ತದೆ. ಇಂದು ಒಂದನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ನಡುವಯಸ್ಸು ದಾಟಿರುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಂದ ಅನುದಾನವನ್ನು ಕಟ್ಟಡಗಳಿಗೆ ಸುರಿದರೋ ಶಿಕ್ಷಕರ ಖಾಲಿ ಹುದ್ದೆಗಳು ತುಂಬಿದವೋ ಎಂಬುದು ಈ ದರಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಎಂದು ನನಗೆ ತೋರುತ್ತದೆ.

ತಾಲ್ಲೂಕು ಮಟ್ಟದ ಕೋಷ್ಟಕ ಮಾಡಿಸುವುದಾದರೆ ಹೊಸ ತಾಲ್ಲೂಕುಗಳನ್ನು ಹಳೆಯ 175ಕ್ಕೆ ಮರಳಿ ಹೊಂದಿಸಿಕೊಳ್ಳಿ. ಮಸ್ಕಿಯ ಹಳ್ಳಿಗಳು ನಂಜುಂಡಪ್ಪ ವರದಿಯಲ್ಲಿ ಲಿಂಗಸುಗೂರು, ಮಾನ್ವಿ, ಸಿಂಧನೂರುಗಳ ಒಳಗೆ ಸಿಗುತ್ತವೆ.