ಪದಚರ್ಚೆ: ರೆಸಿನ್ ವಿಮಾನದ ಕಿಟ್ಟಿಗೆ ಬೇಕಾದ ಮಾತುಗಳು – ಬುಡ, ಮೋಟು, ಪೊರೆ, ತಾಳೆ, ಕ್ಯೂರಿಂಗ್

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 1/32 ಅಳತೆಯ ರೆಸಿನ್ (ದ್ರವವಾಗಿ ಅಚ್ಚಿಗೆ ಹುಯ್ದು ಗಟ್ಟಿಯಾಗಿಸುವ ಪ್ಲಾಸ್ಟಿಕ್) ಮಾದರಿ ವಿಮಾನವನ್ನು ಜೋಡಿಸುವ ಬಗೆಯನ್ನು ಹೇಳುವ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಉದಾಹರಣೆಗೆ ಆರಿಸಿಕೊಂಡದ್ದು ಯುದ್ಧವಿಮಾನ ಎಚ್‌ಎಫ್-24 ಮಾರುತ್. ಕುರ್ಟ್ ಟ್ಯಾಂಕ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1961ರ ಜೂನ್ 17ರಂದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ನಿಂತಿರುವುದರಿಂದ, ಅನುಮಾನ ಬಂದವರು ಹೋಗಿ ನೋಡಿಕೊಂಡು ಬರಬಹುದು. ಅಸಲಿ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್. 1/32ಕ್ಕೆ ಇಳಿಸಿದರೆ ಸುಮಾರು 49.6 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ.

ತೊಡಕು ಬಂದಿರುವುದು ಪದಗಳಲ್ಲಿ. 'ಲಾರ್ಜ್ ಸ್ಕೇಲ್ ಮಾಡೆಲ್' ಎಂಬುದನ್ನು 'ದೊಡ್ಡ ಪ್ರಮಾಣದ ಮಾದರಿ' ಎಂದರೆ ಯಾರೋ ರಾಶಿಗಟ್ಟಲೆ ತಯಾರಿಸುತ್ತಿದ್ದಾರೆ ಅನಿಸುತ್ತದೆ. ಅಚ್ಚಿಗೆ ರೆಸಿನ್ ಹುಯ್ದ ಕಡೆ ಬಿಡಿಭಾಗಕ್ಕೆ ಅಂಟಿಕೊಂಡೇ ಉಳಿಯುವ ದಪ್ಪ ಗಟ್ಟಿಗೆ ('ಪೋರ್ ಸ್ಟಬ್') ಏನನ್ನುವುದು? ಅಚ್ಚಿನ ಎರಡು ಹೋಳುಗಳ ಸಂದಿನಲ್ಲಿ ಸೋರಿ ಕಾಗದದಷ್ಟು ತೆಳ್ಳಗೆ ನಿಲ್ಲುವ 'ಫ್ಲ್ಯಾಶ್'ಗೆ? ಅಂಟು ಹಾಕದೆ ಜೋಡಿಸಿ ನೋಡುವ 'ಡ್ರೈ ಫಿಟ್'ಗೆ ಸದ್ಯ 'ಒಣ ಜೋಡಣೆ' ಎಂದು ಹಾಕಿದೆ, ಬಾಯಿಗೆ ಹತ್ತುತ್ತಿಲ್ಲ. ರೆಸಿನ್ನೋ ಅಂಟೋ 'ಕ್ಯೂರ್ ಆಗು'ವುದಕ್ಕೆ 'ಒಣಗು' ಸಾಕೆ? ಮತ್ತೆ ಹಳೆಯ ಜಗಳ: ರಾಳವೋ ರೆಸಿನ್ನೋ?

ಮೊದಲ ಉತ್ತರ

ನಮಸ್ಕಾರ. 'ಒಣಗು' ಬೇಡವೇ ಬೇಡ, ಅಲ್ಲಿಂದಲೇ ಶುರುಮಾಡೋಣ. ಪೇಂಟು ಒಣಗುತ್ತದೆ, ಫೆವಿಕಾಲ್ ಒಣಗುತ್ತದೆ, ಏಕೆಂದರೆ ಅವುಗಳಲ್ಲಿರುವ ತೆಳುದ್ರವ ಅಥವಾ ನೀರು ಆರಿಹೋಗುತ್ತದೆ. ಅರಾಲ್ಡೈಟಿನಲ್ಲಾಗಲಿ ಪಾಲಿಯುರೆಥೇನ್ ರೆಸಿನ್ನಿನಲ್ಲಾಗಲಿ ಆರುವಂಥದ್ದು ಏನೂ ಇಲ್ಲ. ಎರಡು ದ್ರವಗಳು ಸೇರಿ ಒಂದರೊಡನೊಂದು ವರ್ತಿಸಿ ಗಟ್ಟಿಯಾಗುತ್ತವೆ. 'ಒಣಗಲು ಬಿಡಿ' ಎಂದು ಬರೆದರೆ ಓದಿದವರು ಫ್ಯಾನ್ ಹಾಕುತ್ತಾರೆ, ಬಿಸಿಲಿಗಿಡುತ್ತಾರೆ. ಅಳತೆ ತಪ್ಪಿ ಹಾರ್ಡ್ನರ್ (ಗಟ್ಟಿಯಾಗಿಸಲು ಬೆರೆಸುವ ಎರಡನೆಯ ದ್ರವ) ಕಡಿಮೆ ಬಿದ್ದಿದ್ದರೆ ವಾರಗಟ್ಟಲೆ ಗಾಳಿಗಿಟ್ಟರೂ ಅದು ಅಂಟಂಟಾಗಿಯೇ ಇರುತ್ತದೆ. ಕೆರೆದು ತೆಗೆದು ಹೊಸದಾಗಿ ಕಲಸುವುದೊಂದೇ ದಾರಿ.

'ಕ್ಯೂರಿಂಗ್' ಎಂದು ಹಾಗೇ ಉಳಿಸುವುದು ಇನ್ನೂ ಕೆಟ್ಟದ್ದು. ನಮ್ಮಲ್ಲಿ ಮನೆ ಕಟ್ಟಿಸಿದ ಯಾರನ್ನೇ ಕೇಳಿ, ಮೋಲ್ಡ್ ಹಾಕಿದ ಮೇಲೆ ನೀರು ನಿಲ್ಲಿಸುವುದಕ್ಕೆ ಕ್ಯೂರಿಂಗ್ ಅನ್ನುತ್ತಾರೆ. ಪಾಲಿಯುರೆಥೇನ್‌ನ ಎರಡು ಭಾಗಗಳಲ್ಲಿ ಒಂದು ಐಸೋಸಯನೇಟ್. ಅದಕ್ಕೆ ನೀರು ತಾಗಿದರೆ ಕಾರ್ಬನ್ ಡೈ ಆಕ್ಸೈಡ್ ಹೊರಟು ರೆಸಿನ್ನೆಲ್ಲ ನೊರೆನೊರೆಯಾಗುತ್ತದೆ. ಮುರಿದುಹೋದ ಭಾಗಕ್ಕೆ ಮನೆಯಲ್ಲೇ ಎರಕ ಹೊಯ್ಯಲು ಹೊರಟವರು ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೂ ಸಾಕು, ಭಾಗದ ತುಂಬ ಗುಳ್ಳೆ. ಹಾಗಾಗಿ 'ಕ್ಯೂರಿಂಗ್' ಬೇಡ. 'ಮೋಲ್ಡ್' ಕೂಡ ಬೇಡ, ಅದು ಆಗಲೇ ಮನೆಯ ತಾರಸಿಗೆ ಹೋಗಿಯಾಗಿದೆ. 'ಅಚ್ಚು' ಎಲ್ಲರಿಗೂ ತಿಳಿಯುತ್ತದೆ.

ಕೈಪಿಡಿಗೆ ಒಂದಲ್ಲ, ಎರಡು ಕ್ರಿಯಾಪದ ಬೇಕು: 'ಕಚ್ಚಿಕೊಳ್ಳು' ಮತ್ತು 'ಗಟ್ಟಿಯಾಗು'. ಐದು ನಿಮಿಷದ ಎಪಾಕ್ಸಿ (ಅರಾಲ್ಡೈಟ್ ಜಾತಿಯ ಅಂಟು) ಎಂದರೆ ಭಾಗವನ್ನು ಸರಿಸಿ ನೇರಮಾಡಲು ಸಿಗುವ ಹೊತ್ತು ಐದು ನಿಮಿಷ, ಅಷ್ಟೆ. ಕಚ್ಚಿಕೊಂಡು ಕೈಯಲ್ಲಿ ಹಿಡಿಯುವಂತಾಗಲು ಹದಿನೈದರಿಂದ ಮೂವತ್ತು ನಿಮಿಷ, ಪೂರ್ತಿ ಗಟ್ಟಿಯಾಗಲು ಒಂದು ಹಗಲು ಒಂದು ರಾತ್ರಿ. ಈ ಎರಡನ್ನೂ ಒಂದೇ ಮಾತಿನಲ್ಲಿ ಹೇಳಿದರೆ ಅರ್ಧ ಗಂಟೆಗೇ ರೆಕ್ಕೆಯ ಸಂದನ್ನು ಉಜ್ಜಲು ಕೂರುತ್ತಾರೆ, ಸಂದು ಬಾಯಿಬಿಡುತ್ತದೆ.

'ಒಣ ಜೋಡಣೆ'ಗೆ ಬದಲು 'ತಾಳೆ ನೋಡು'. ಲೆಕ್ಕ ತಾಳೆ ನೋಡಿದ ಹಾಗೆಯೇ. 'ತಾಳೆ ಬಂತು', 'ತಾಳೆ ಬರಲಿಲ್ಲ' ಎಂದು ಮುಂದುವರಿಸಲೂ ಬರುತ್ತದೆ. ರೆಸಿನ್ ಕಿಟ್ಟಿನಲ್ಲಿ ಈ ಮಾತು ಪುಟಕ್ಕೆ ನಾಲ್ಕು ಸಲ ಬರುವುದರಿಂದ ಚಿಕ್ಕದಾಗಿರಲಿ. ಅಂಟು ಮುಟ್ಟುವ ಮೊದಲು ಒಡಲಿನ ಎರಡು ಹೋಳು, ಕಾಕ್‌ಪಿಟ್ ತೊಟ್ಟಿ, ಮುಂಗಾಲಿನ ಗೂಡು, ಮಾರುತ್ ಆದರೆ ಎರಡು ಪಕ್ಕದ ಗಾಳಿಬಾಯಿಗಳು, ಅವುಗಳೊಳಗಿನ ಅರೆಶಂಕುಗಳು, ಎಲ್ಲವನ್ನೂ ಮಾಸ್ಕಿಂಗ್ ಟೇಪಿನಲ್ಲಿ ಕಟ್ಟಿ ತಾಳೆ ನೋಡಬೇಕು. ಸಾಮಾನ್ಯವಾಗಿ ತಾಳೆ ತಪ್ಪುವುದು ಕಾಕ್‌ಪಿಟ್ಟಿನಲ್ಲಿ. ತೊಟ್ಟಿ ಅಗಲವಾಗಿ ಒಡಲು ಮುಚ್ಚುವುದಿಲ್ಲ. ಆಗ ತೊಟ್ಟಿಯ ಹೊರಮೈಯನ್ನೂ ಒಡಲಿನ ಒಳಗೋಡೆಯನ್ನೂ ಸ್ವಲ್ಪ ಸ್ವಲ್ಪವೇ ಕೆರೆಯಬೇಕು. ಒಂದನ್ನೇ ಕೆರೆಯುತ್ತ ಹೋದರೆ ಗೋಡೆ ಬೆಳಕು ಕಾಣುವಷ್ಟು ತೆಳುವಾಗುತ್ತದೆ.

'ಪೋರ್ ಸ್ಟಬ್'ಗೆ 'ಮೋಟು' ಎನ್ನಿ. 'ಫ್ಲ್ಯಾಶ್'ಗೆ 'ಪೊರೆ' ಚೆನ್ನ, ಚಾಕುವಿನ ಬೆನ್ನಿನಿಂದ ಕೆರೆದರೆ ನಿಮಿಷದಲ್ಲಿ ಹೋಗುತ್ತದೆ. ಆದರೆ 'ಅಚ್ಚು ಸರಿದಿರುವುದ'ನ್ನು ಪೊರೆಯೊಡನೆ ಸೇರಿಸಬೇಡಿ. ಅಲ್ಲಿ ಎರಡು ಹೋಳಚ್ಚುಗಳು ಒಂದಕ್ಕೊಂದು ನೇರ ಕೂರದೆ ಭಾಗದ ಮೈಮೇಲೆ ಮೆಟ್ಟಿಲು ಬಿದ್ದಿರುತ್ತದೆ. ಅದನ್ನು ಎತ್ತರದ ಕಡೆ ಉಜ್ಜಿ, ತಗ್ಗಿನ ಕಡೆ ಪುಟ್ಟಿ ತುಂಬಿ ಸರಿಮಾಡಬೇಕು. ಚಕ್ರದ ಕಡ್ಡಿಯಂಥ ದುಂಡನೆಯ ಸಣ್ಣ ಭಾಗದಲ್ಲಿ ಹೀಗಾಗಿದ್ದರೆ ಉಜ್ಜುವುದರ ಬದಲು ಹೊಸ ಹಿತ್ತಾಳೆ ಕಡ್ಡಿ ಹಾಕುವುದೇ ಲೇಸು.

ಗಾಳಿಯ ದೋಷಕ್ಕೂ ಎರಡು ಹೆಸರಿರಲಿ: ಮೇಲೆ ಕಾಣುವ 'ಸೂಜಿತೂತು', ಒಳಗೆ ಅಡಗಿ ಉಜ್ಜಿದಾಗ ಬಾಯ್ಬಿಡುವ 'ಗುಳ್ಳೆ'. ಗುಳ್ಳೆಯನ್ನು ಸೂಜಿಯಿಂದ ಒಡೆದು ಬಾಯಿ ದೊಡ್ಡದು ಮಾಡಿಯೇ ತುಂಬಬೇಕು. ಇಲ್ಲದಿದ್ದರೆ ಮೇಲಿನ ತೆಳುಪದರ ಪ್ರೈಮರ್ ಹೊಡೆದ ಮೇಲೆ ಕುಸಿಯುತ್ತದೆ. ತುಂಬಲು ಫೆವಿಕ್ವಿಕ್‌ನಂಥ ಅಂಟಿಗೆ ಮಗುವಿಗೆ ಹಾಕುವ ಟಾಲ್ಕಂ ಪೌಡರ್ ಬೆರೆಸಿ ಬಳಿದು, ಒಂದು ಗಂಟೆಯೊಳಗೆ ಉಜ್ಜಿಬಿಡಿ. ಮರುದಿನಕ್ಕೆ ಬಿಟ್ಟರೆ ಅದು ಸುತ್ತಲಿನ ರೆಸಿನ್ನಿಗಿಂತ ಗಟ್ಟಿಯಾಗಿ, ಉಜ್ಜಿದಷ್ಟೂ ರೆಸಿನ್ನೇ ಸವೆದು ತುಂಬಿದ ಜಾಗ ಗುಬುಟಾಗಿ ನಿಲ್ಲುತ್ತದೆ.

ಎರಡನೆಯ ಉತ್ತರ

ಮೇಲಿನ ಉತ್ತರದಲ್ಲಿ 'ಮೋಟು' ಬಿಟ್ಟು ಉಳಿದದ್ದೆಲ್ಲ ಒಪ್ಪಿಗೆ. ಮರ ಕಡಿದ ಮೇಲೆ ಉಳಿಯುವುದು ಮೋಟು, ಬೆರಳು ಹೋದ ಮೇಲೆ ಉಳಿಯುವುದು ಮೋಟು. ಇನ್ನೂ ಕತ್ತರಿಸದೆ ಇರುವ ಗಟ್ಟಿಗೆ ಆ ಹೆಸರು ಹೇಗೆ? 'ಎರಕದ ಬುಡ' ಅಥವಾ ಬರಿಯ 'ಬುಡ' ಎಂದಿರಲಿ. ಬುಡವನ್ನು ಗರಗಸದಿಂದ ಕೊಯ್ದಾಗ ಭಾಗದ ಕಡೆ ಬೇಕೆಂದೇ ಒಂದು ಮಿ.ಮೀ.ನಷ್ಟು ಬಿಡುತ್ತೇವಲ್ಲ, ಅದು ಮೋಟು. ಬುಡ ಕೊಯ್ಯುವುದು, ಮೋಟು ಉಜ್ಜುವುದು. ಎರಡು ಕೆಲಸಕ್ಕೆ ಎರಡು ಹೆಸರು ಸಿಕ್ಕಂತಾಯಿತು, ಗೆರೆಗೆ ಸರಿಯಾಗಿ ಕೊಯ್ಯಲು ಹೋಗಿ ಭಾಗವನ್ನೇ ಕೊಯ್ಯುವುದೂ ತಪ್ಪುತ್ತದೆ.

ಕೊಯ್ಯಲು ಎಕ್ಸಾ ಬ್ಲೇಡ್ (ಕಬ್ಬಿಣ ಕೊಯ್ಯುವ ಗರಗಸದ ಅಲಗು) ಬಳಸುವವರಿದ್ದಾರೆ. ಅದರ ಹಲ್ಲು ಒಂದು ಮಿ.ಮೀ.ಗೆ ಹತ್ತಿರ ತಿನ್ನುತ್ತದೆ, ರೆಸಿನ್ನಿನ ಅಂಚು ಚೂರು ಚೂರು ಹಾರುತ್ತದೆ. ಕಾಲು ಮಿ.ಮೀ. ದಪ್ಪದ ತೆಳು ಗರಗಸ ಬೇಕು. ಒಂದೇ ಕಡೆಯಿಂದ ಕೊನೆತನಕ ಕೊಯ್ಯದೆ, ಸುತ್ತಲೂ ಗೀರಿಕೊಂಡು ನಾಲ್ಕು ಕಡೆಯಿಂದ ಒಳಗೆ ಹೋಗಬೇಕು. ಮೋಟು ಉಜ್ಜಲು ದಪ್ಪ ಗಾಜಿನ ಮೇಲೆ 180ರ ವಾಟರ್ ಪೇಪರ್ ಅಂಟಿಸಿ, ನೀರು ಹಾಕಿ, ಭಾಗವನ್ನು ಎಂಟರ ಆಕಾರದಲ್ಲಿ ಆಡಿಸಿ, ಆಮೇಲೆ 400. ಹಿಂದೆ ಮುಂದೆ ಎಳೆದರೆ ಬೆರಳಿನ ಭಾರ ಬೀಳುವ ಅಂಚು ಹೆಚ್ಚು ಸವೆದು ಮುಖ ಓರೆಯಾಗುತ್ತದೆ. ನೀರು ಹಾಕುವುದು ದೂಳಿಗಾಗಿ. ರೆಸಿನ್ ದೂಳು ಬಹಳ ನುಣುಪು, ಒಣದಾಗಿ ಉಜ್ಜುವುದೇ ಆದರೆ ಎನ್-95 ಮಾಸ್ಕ್ ಇಲ್ಲದೆ ಕೂರಬಾರದು.

ರಾಳದ ಮಾತು. ಪಠ್ಯಪುಸ್ತಕದಲ್ಲಿ ರಾಳ ಇದೆ, ಇರಲಿ. ಆದರೆ ಗ್ರಂಥಿಗೆ ಅಂಗಡಿಯಲ್ಲಿ ರಾಳ ಕೇಳಿದರೆ ಕೊಡುವುದು ಧೂಪಕ್ಕೆ ಹಾಕುವ ಮರದ ರಾಳ. ಅದು ಕಾಯಿಸಿದರೆ ಕರಗುತ್ತದೆ, ಆರಿದರೆ ಮತ್ತೆ ಗಟ್ಟಿ. ಕಿಟ್ಟಿನ ರೆಸಿನ್ ಒಮ್ಮೆ ಗಟ್ಟಿಯಾದ ಮೇಲೆ ಕರಗುವುದಿಲ್ಲ, ಬಿಸಿಗೆ ಮೆತ್ತಗಾಗುತ್ತದೆ ಅಷ್ಟೆ. ಸೊಟ್ಟಗಾದ ರೆಕ್ಕೆಯನ್ನು ನೇರಮಾಡುವುದು ಈ ಗುಣದಿಂದಲೇ. ಕುದಿಯದ, ಕೈ ಇಡಲಾಗದಷ್ಟು ಬಿಸಿಯ (60ರಿಂದ 80 ಡಿಗ್ರಿ ಸೆಲ್ಷಿಯಸ್) ನೀರಿನಲ್ಲಿ ಒಂದೆರಡು ನಿಮಿಷ ಮುಳುಗಿಸಿ, ಗಾಜಿನ ಮೇಲೆ ಒತ್ತಿ ಹಿಡಿದು, ಹಾಗೇ ತಣ್ಣೀರಿಗೆ ಹಾಕಬೇಕು. 'ಸೊಟ್ಟ'ವನ್ನೂ 'ತಿರುಚ'ನ್ನೂ ಬೇರೆ ಬೇರೆ ಬರೆಯಿರಿ. ಸೊಟ್ಟಕ್ಕೆ ಒತ್ತಿದರೆ ಸಾಕು. ತಿರುಚಿದ ರೆಕ್ಕೆಯನ್ನು ಎದುರು ದಿಕ್ಕಿಗೆ ತುಸು ಹೆಚ್ಚಾಗಿಯೇ ತಿರುಚಿ ತಣಿಸಬೇಕು, ಏಕೆಂದರೆ ಅದು ಸ್ವಲ್ಪ ಹಿಂದಕ್ಕೆ ಮರಳುತ್ತದೆ.

ಈಗ ರೆಸಿನ್ ಎಂದರೂ ಎರಡು ವಸ್ತು ಸೇರಿಹೋಗಿವೆ. ಅಚ್ಚಿಗೆ ಹೊಯ್ದ ಪಾಲಿಯುರೆಥೇನ್ ಒಂದು, ತ್ರೀಡಿ ಪ್ರಿಂಟರಿನಲ್ಲಿ ಬೆಳಕಿಗೆ ಗಟ್ಟಿಯಾದದ್ದು ಇನ್ನೊಂದು. ಎರಡನೆಯದಕ್ಕೆ ಬುಡವಿಲ್ಲ, ನೂರಾರು ಸಣ್ಣ ಆಸರೆಕಡ್ಡಿಗಳಿರುತ್ತವೆ. ಬಿಸಿನೀರಿನ ಉಪಾಯ ಅದರಲ್ಲಿ ಯಾವಾಗಲೂ ನಡೆಯುವುದಿಲ್ಲ, ತೆಳು ಭಾಗ ಚಟ್ಟನೆ ಮುರಿಯಬಹುದು. 'ಎರಕದ ರೆಸಿನ್', 'ಪ್ರಿಂಟಾದ ರೆಸಿನ್' ಎಂದು ಕೈಪಿಡಿಯ ಮೊದಲ ಪುಟದಲ್ಲೇ ಬೇರ್ಪಡಿಸಿ.

ಇನ್ನೊಂದು: 'ಬೆಸೆ' ಪದವನ್ನು ಅಂಟಿಸುವುದಕ್ಕೆ ಬಳಸಬೇಡಿ. ಮಾಮೂಲಿ ಪ್ಲಾಸ್ಟಿಕ್ ಕಿಟ್ಟಿನ ಸಿಮೆಂಟು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ. ಅದೇ ಸಿಮೆಂಟು ರೆಸಿನ್ನನ್ನು ಕರಗಿಸದು, ಬಳಿದರೆ ಒರೆಸಿ ಹೋಗುತ್ತದೆ. ರೆಸಿನ್ನಿಗೆ ಫೆವಿಕ್ವಿಕ್ ಜಾತಿಯ ಅಂಟು ಇಲ್ಲವೇ ಎಪಾಕ್ಸಿ. ಅದಕ್ಕೂ ಮೊದಲು ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಬಳಿದ ಜಿಡ್ಡು ಹೋಗಬೇಕು. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್. ತೊಳೆಯದೆ ಬಿಟ್ಟರೆ ಅಂಟೂ ಕಚ್ಚುವುದಿಲ್ಲ, ಪೇಂಟು ಮಾಸ್ಕಿಂಗ್ ಟೇಪಿನ ಜೊತೆ ಸುಲಿದು ಬರುತ್ತದೆ.

ಪ್ರಶ್ನೆ ಕೇಳಿದವರು

ಬುಡ, ಮೋಟು ಎರಡೂ ಸೇರಿದವು, 'ಕಚ್ಚಿಕೊಳ್ಳು' ಕೂಡ. ರೆಸಿನ್ ಎಂದೇ ಉಳಿಸುತ್ತೇನೆ. ಇನ್ನೆರಡು ಉಳಿದಿವೆ. ರೆಕ್ಕೆಯ ಬುಡಕ್ಕೆ ಲೋಹದ ಕಡ್ಡಿ ಹಾಕಿ ಬಿಗಿಮಾಡುವ 'ಪಿನ್ನಿಂಗ್', ಮತ್ತು ಮುಂಗಾಲು ಮೇಲೆದ್ದು ವಿಮಾನ ಹಿಂದಕ್ಕೆ ಕೂತುಬಿಡುವ ದೋಷ. ಅಳತೆಯ ಮಾತನ್ನು ಯಾರೂ ಮುಟ್ಟಲಿಲ್ಲ.

ಮೊದಲು ಉತ್ತರಿಸಿದವರು

ಅಳತೆಗೆ 'ದೊಡ್ಡಳತೆ' ಆಗುತ್ತದೆ, ಆದರೆ ಒಮ್ಮೆ ವಿವರಿಸಿ: ಗೆರೆಯ ಕೆಳಗಿನ ಅಂಕಿ ಚಿಕ್ಕದಾದಷ್ಟೂ ಮಾದರಿ ದೊಡ್ಡದು. 1/72ಕ್ಕಿಂತ 1/32 ಉದ್ದದಲ್ಲಿ ಎರಡೂಕಾಲು ಪಟ್ಟು, ಮೈಯ ವಿಸ್ತಾರದಲ್ಲಿ ಐದು ಪಟ್ಟು, ಗಾತ್ರದಲ್ಲಿ ಹನ್ನೊಂದು ಪಟ್ಟಿಗೂ ಮೇಲೆ. ತೂಕ ಹೋಗುವುದು ಈ ಕೊನೆಯ ಲೆಕ್ಕದಲ್ಲಿ. ನೀವು ಕೇಳಿದ ಎರಡು ದೋಷಗಳ ಮೂಲವೂ ಇದೇ.

ಪಿನ್ನಿಂಗ್‌ಗೆ 'ಗೂಟ ಕೊಡು'. ಈ ಅಳತೆಯ ಗಟ್ಟಿ ರೆಸಿನ್ ರೆಕ್ಕೆಯನ್ನು ಬರೀ ಫೆವಿಕ್ವಿಕ್ಕಿನಲ್ಲಿ ಅಂಟಿಸಿದರೆ ಒಂದು ದಿನ ಎತ್ತಿಡುವಾಗ ಟಕ್ಕನೆ ಬಿಡುತ್ತದೆ. ಆ ಅಂಟು ಎಳೆತ ತಡೆಯುತ್ತದೆ, ಪಕ್ಕದ ಪೆಟ್ಟು ತಡೆಯುವುದಿಲ್ಲ. ರೆಕ್ಕೆಗೆ ಎರಡು ಹಿತ್ತಾಳೆ ಗೂಟ, 1.5ರಿಂದ 2 ಮಿ.ಮೀ. ದಪ್ಪ, ಎರಡೂ ಕಡೆ ತಲಾ 10 ಮಿ.ಮೀ. ಆಳ. ಒಂದೇ ಗೂಟವಾದರೆ ರೆಕ್ಕೆ ಅದರ ಸುತ್ತ ತಿರುಗುತ್ತದೆ. ಮೊದಲು ರೆಕ್ಕೆಯ ಕಡೆ ಕೈಬೈರಿಗೆಯಿಂದ ತೂತು ಕೊರೆದು, ಆ ತೂತಿನಲ್ಲಿ ಚಿಕ್ಕ ಮೊಳೆ ಇಟ್ಟು ತುದಿಗೆ ಪೇಂಟು ಹಚ್ಚಿ ಒಡಲಿಗೆ ಒತ್ತಿ. ಎದುರು ತೂತಿನ ಗುರುತು ತಾನೇ ಬೀಳುತ್ತದೆ. ಗೂಟಕ್ಕಿಂತ ತೂತು ಒಂದೆಳೆ ದೊಡ್ಡದಿರಲಿ. ಎಪಾಕ್ಸಿ ಹಾಕಿ, ಕಚ್ಚಿಕೊಳ್ಳುವವರೆಗೆ ಎರಡೂ ರೆಕ್ಕೆಗಳ ಇಳಿಜಾರು ಒಂದೇ ಇರುವಂತೆ ರಟ್ಟಿನ ಆಸರೆ ಕೊಡಿ.

ಹಿಂದಕ್ಕೆ ಕೂರುವುದಕ್ಕೆ 'ಬಾಲ ಊರು' ಸಾಕು. ಮಾರುತ್‌ನಲ್ಲಿ ಎರಡು ಆರ್ಫಿಯಸ್ ಎಂಜಿನ್‌ಗಳ ಕೊಳವೆಗಳು ಹಿಂಬದಿಯಲ್ಲಿ ಇರುವುದರಿಂದ ರೆಸಿನ್ನಿನ ಭಾರವೆಲ್ಲ ಅಲ್ಲಿಗೇ ಹೋಗುತ್ತದೆ. ಬಾಲ ಊರುವುದು ಬಹುಮಟ್ಟಿಗೆ ಖಾತ್ರಿ. ಒಡಲು ಮುಚ್ಚುವ ಮೊದಲೇ ತೂಗಿ ನೋಡಬೇಕು. ಎಲ್ಲ ಭಾಗವನ್ನೂ ಟೇಪಿನಲ್ಲಿ ಕಟ್ಟಿ, ಹಿಂಗಾಲಿನ ಚಕ್ರ ಬರುವ ಗೆರೆಯಡಿ ಪೆನ್ಸಿಲ್ ಇಟ್ಟು, ಮೂಗಿನ ಕಡೆ ಚೀಲ ಕಟ್ಟಿ ಭಾರ ಹಾಕುತ್ತ ಹೋಗಿ. ಉದಾಹರಣೆಗೆ ಚಕ್ರದಿಂದ 12 ಸೆಂ.ಮೀ. ಮುಂದೆ 80 ಗ್ರಾಂ ಹಾಕಿದಾಗ ಸಮವಾದರೆ, 20 ಸೆಂ.ಮೀ. ಮುಂದೆ ಮೂಗಿನೊಳಗೆ 48 ಗ್ರಾಂ ಸಾಕು. ಅದರ ಮೇಲೆ ಕಾಲುಪಾಲು ಸೇರಿಸಿ 60 ಗ್ರಾಂ ಇಡಿ. ಗಾಳದ ಸೀಸದ ಗುಂಡು ಒಳ್ಳೆಯದು. ಆದರೆ ಅದನ್ನು ಫೆವಿಕಾಲ್‌ನಲ್ಲಿ ಅಂಟಿಸಬೇಡಿ. ಸೀಸ ನಿಧಾನವಾಗಿ ಬಿಳಿ ಪುಡಿಯಾಗಿ ಉಬ್ಬಿ, ವರ್ಷಗಳ ಮೇಲೆ ಮೂಗನ್ನೇ ಸೀಳಬಹುದು. ಎಪಾಕ್ಸಿಯಲ್ಲಿ ಮುಳುಗಿಸಿ.

ಇಷ್ಟು ಭಾರ ಹಾಕಿದ ಮೇಲೆ ಕಿಟ್ಟಿನ ಜೊತೆ ಬರುವ ಮೆತ್ತನೆ ಬಿಳಿಲೋಹದ ಕಾಲುಗಳು ದಿನೇ ದಿನೇ ಬಾಗುತ್ತವೆ. ಸಾಧ್ಯವಾದರೆ ಹಿತ್ತಾಳೆ ಕಾಲು, ಇಲ್ಲವಾದರೆ ಒಳಗೆ ಉಕ್ಕಿನ ತಂತಿ. ರೆಸಿನ್ ಕಾಲಾದರೆ ಬಿಸಿಲಿನ ಕಿಟಕಿಯ ಬಳಿ ಒಂದು ಬೇಸಿಗೆ ತಡೆಯುವುದೂ ಕಷ್ಟ.

ಎರಡನೆಯವರು

ಕ್ಯಾನೊಪಿಯ (ಕಾಕ್‌ಪಿಟ್ಟಿನ ಮೇಲಿನ ಪಾರದರ್ಶಕ ಮುಚ್ಚಳ) ಪುಟ ಬರೆಯುವಾಗ 'ಗಾಜು' ಎನ್ನಬೇಡಿ, ಗಾಜು ಕೊಯ್ಯುವ ಸಾಧನ ತಂದುಬಿಟ್ಟಾರು. 'ಕ್ಯಾನೊಪಿ' ಎಂದೇ ಇರಲಿ. ತೆಳು ಹಾಳೆಯನ್ನು ಬಿಸಿಮಾಡಿ ನಿರ್ವಾತದಲ್ಲಿ ಎಳೆದು ಮಾಡಿದ್ದಾದರೆ ಒಳಗೆ ಕ್ಲೇ ತುಂಬಿ, ಹೊಸ ಬ್ಲೇಡಿನಲ್ಲಿ ಹಗುರವಾಗಿ ಹಲವು ಸಲ ಗೀರಿ ಬಿಡಿಸಬೇಕು. ಒತ್ತಿ ಕೊಯ್ದರೆ ಸೀಳು ಮೇಲಕ್ಕೆ ಓಡುತ್ತದೆ. ಫೆವಿಕ್ವಿಕ್ಕಿನ ಆವಿಗೆ ಅದು 'ಮಂಜು ಹಿಡಿಯುತ್ತದೆ', ಈ ಮಾತು ಹಾಗೇ ಬಳಸಿ. ಅಂಟಿಸಲು ಫೆವಿಕಾಲ್ ಸರಿ, ಇಲ್ಲಿ ಮಾತ್ರ 'ಒಣಗಲು ಬಿಡಿ' ಎಂದೇ ಬರೆಯಬಹುದು.