ಬ್ಯಾಕ್‌ಗ್ಯಾಮನ್: ಎರಡನೆಯ ಗರದಲ್ಲೇ 1-1 ಬಿದ್ದಾಗ ಯಾವ ಕಾಯಿ ನಡೆಸಬೇಕು?

ಪ್ರಶ್ನೆ, ತೀರ್ಥಹಳ್ಳಿಯಿಂದ

ನಮಸ್ಕಾರ. ಈ ಮಳೆಗಾಲದಲ್ಲಿ ಭಾವನವರೊಡನೆ ಸಂಜೆ ಹೊತ್ತು, ಎರಡು ದಾಳ ಹಾಕಿ ಕಾಯಿ ನಡೆಸುವ ಬ್ಯಾಕ್‌ಗ್ಯಾಮನ್ ಆಡುತ್ತಿದ್ದೇನೆ. ರಟ್ಟಿನ ಮೇಲೆ 24 ಮನೆ ಬರೆದುಕೊಂಡಿದ್ದೇವೆ. ಇಬ್ಬರೂ ತಂತಮ್ಮ ಕಡೆಯಿಂದ ಎಣಿಸುವುದರಿಂದ ನನ್ನ 24 ಅವರಿಗೆ 1. ನನಗೆ 15 ಬೆಟ್ಟೆ ಅಡಿಕೆ, ಅವರಿಗೆ 15 ಕವಡೆ. ಮೊನ್ನೆ ಅವರು ಮೊದಲ ಗರದಲ್ಲಿ 3-1 ಹಾಕಿ, ಎರಡು ಕವಡೆ ಕೂಡಿಸಿ ತಮ್ಮ 5ನೇ ಮನೆ ಕಟ್ಟಿಕೊಂಡರು, ಅಂದರೆ ನಾನು ಅಲ್ಲಿ ಇಳಿಯದಂತೆ ಮುಚ್ಚಿದರು. ನನಗೆ 1-1 ಬಿತ್ತು. ಜೋಡಿ ಬಿದ್ದರೆ ಸಿಗುವ ನಾಲ್ಕು ನಡೆಗಳಲ್ಲಿ ಎರಡರಿಂದ 6ನೇ ಮನೆಯ ಜೋಡಿಯನ್ನು 5ಕ್ಕೆ ತಂದೆ. ಉಳಿದೆರಡರಿಂದ 24ರಲ್ಲಿದ್ದ ಜೋಡಿಯನ್ನು 23ಕ್ಕೆ ಸರಿಸಿದೆ. ಒಂದು ಕಾಯಿಯೂ ಒಂಟಿಯಾಗಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಅವರು 6-5 ಹಾಕಿ, ಹಿಂದೆ ಉಳಿದಿದ್ದ ಕವಡೆಯೊಂದನ್ನು ನೇರವಾಗಿ ತಮ್ಮ 13ನೇ ಮನೆಗೆ ದಾಟಿಸಿಬಿಟ್ಟರು. ನಾನು ಎಲ್ಲಿ ತಪ್ಪಿದೆ?

ಉತ್ತರ, ಸಾಗರದಿಂದ

5ನೇ ಮನೆ ಕಟ್ಟಿದ್ದು ಸರಿಯಾಗಿಯೇ ಇದೆ. ತಪ್ಪಿದ್ದು ಉಳಿದ ಎರಡು ಒಂದುಗಳಲ್ಲಿ. ಅವರು ನಡೆದದ್ದು ನಾಲ್ಕು ಹೆಜ್ಜೆ, ತಾವು ನಡೆದದ್ದೂ ನಾಲ್ಕು. ಎಲ್ಲ ಕಾಯಿಗಳನ್ನು ಹೊರಗೆ ಒಯ್ಯಲು ಬೇಕಾದ ಹೆಜ್ಜೆಗಳ ಎಣಿಕೆ ಇಬ್ಬರಿಗೂ 167ರಿಂದ 163ಕ್ಕೆ ಇಳಿದಿರುವಾಗ ಓಟದಲ್ಲಿ ಯಾರೂ ಮುಂದಿಲ್ಲ. ಆದ್ದರಿಂದ ಮನೆಗಳ ಕಟ್ಟಡವೇ ಇಲ್ಲಿ ಮುಖ್ಯವಾಗುತ್ತದೆ. 8ನೇ ಮನೆಯಿಂದ ಎರಡು ಕಾಯಿಗಳನ್ನು 7ಕ್ಕೆ ಇಳಿಸಿದ್ದರೆ 5, 6, 7 ಮೂರೂ ಸಾಲಾಗಿ ಮುಚ್ಚುತ್ತಿದ್ದವು. ಆಗ ಅವರ ಹಿಂದಿನ ಕವಡೆಗಳು 4, 5, 6 ಯಾವುದನ್ನೂ ನೇರವಾಗಿ ನಡೆಯಲಾರವು. ತಮ್ಮನ್ನು ದಾಟಿಹೋದ ಆ 6-5ಕ್ಕೆ ಅವು ಕದಲುತ್ತಲೇ ಇರಲಿಲ್ಲ.

8ರಲ್ಲಿ ಒಂದು ಕಾಯಿ ಒಂಟಿಯಾಗುತ್ತದೆ, ನಿಜ. ಚೌಕಾಬಾರ ಆಡಿ ಬೆಳೆದ ನಮಗೆ ಒಂಟಿ ಕಾಯಿ ಬಿಡಲು ಕೈ ಹಿಂಜರಿಯುತ್ತದೆ. ಆದರೆ ಅದು ಅವರ ಕವಡೆಗಳಿಂದ ಏಳು ಮನೆ ದೂರದಲ್ಲಿದ್ದು, 6-1, 5-2, 4-3 ಬಿದ್ದರೆ ಮಾತ್ರ ಹೊಡೆಸಿಕೊಳ್ಳುತ್ತದೆ. ಆಗಲೂ ಚಿಕ್ಕ ದಾಳವನ್ನೇ ಮೊದಲು ನಡೆಸಬೇಕು, ಏಕೆಂದರೆ ದೊಡ್ಡದು ತಾವು ಕಟ್ಟಿದ ಮನೆಗೆ ತಗುಲಿ ನಿಲ್ಲುತ್ತದೆ. 36 ಗರಗಳಲ್ಲಿ ಇಂಥವು ಆರೇ. ಅವು ತಪ್ಪಿದರೆ, ಮುಂದಿನ ಸರದಿಯಲ್ಲಿ 13ರಿಂದ ಒಂದು ಕಾಯಿ ತಂದು 8ನ್ನೂ ಮುಚ್ಚಲು ಐದು ಬೀಳುವ ಎಲ್ಲ ಗರಗಳೂ, 4-1 ಮತ್ತು 3-2 ಕೂಡ ಒದಗುತ್ತವೆ.

ಉತ್ತರ, ಹೊಸನಗರದಿಂದ

ಸಾಗರದವರ ಮಾತಿಗೆ ನನ್ನ ಒಪ್ಪಿಗೆಯಿದೆ. ಆ ಕಾಯಿಯನ್ನು ಹೊಡೆದರೂ, ಅದು ಮೊದಲಿನಿಂದ ಹೊರಡಬೇಕಾಗುವುದರಿಂದ ತಾವು ಕಳೆದುಕೊಳ್ಳುವುದು 17 ಹೆಜ್ಜೆ. ಅವರ ಒಳಮನೆಯಲ್ಲಿ (ಅವರ 1ರಿಂದ 6ರವರೆಗೆ) ಮುಚ್ಚಿರುವುದು ಎರಡೇ ಆದ್ದರಿಂದ ಮರಳಿ ಪ್ರವೇಶಿಸುವುದು ಕಷ್ಟವಲ್ಲ.

ಜೋಡಿ ಬಿದ್ದಾಗ ನಾಲ್ಕು ನಡೆಗಳನ್ನು ಬಿಡಿಬಿಡಿಯಾಗಿ ನೋಡದೆ, ಎರಡೆರಡು ಕಾಯಿ ಒಟ್ಟಿಗೆ ನಡೆಯುವ ಎರಡು ಅರ್ಧಗಳೆಂದು ಭಾವಿಸುವುದು ನನ್ನ ಅಭ್ಯಾಸ. ಆದರೆ ಎದುರಾಳಿ ಏನು ಕಟ್ಟಿದ್ದಾರೆಂದು ಮೊದಲು ನೋಡಬೇಕು. 4-4ಕ್ಕೆ 24ರ ಜೋಡಿಯನ್ನು 20ಕ್ಕೂ, 13ರ ಎರಡನ್ನು 9ಕ್ಕೂ ತರುವುದು ಮಾಮೂಲು. ಭಾವನವರು ತಮ್ಮ 5ನೇ ಮನೆ ಕಟ್ಟಿದ ಮೇಲೆ ಅದೇ ನಿಮ್ಮ 20 ಆಗಿರುವುದರಿಂದ ಮೊದಲರ್ಧ ನಡೆಯುವುದೇ ಇಲ್ಲ. ಬಾಯಿಪಾಠ ಮಾಡಿದ ನಡೆಗಳನ್ನು ನಂಬಿ ನಾನು ಮೊದಮೊದಲು ಎಡವುತ್ತಿದ್ದದ್ದು ಇಲ್ಲಿಯೇ.

ತೀರ್ಥಹಳ್ಳಿಯಿಂದ ಮತ್ತೆ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಅದೇ ಆಟವನ್ನು ಮತ್ತೆ ಹೂಡಿ, 8ರಿಂದ 7ಕ್ಕೆ ಜೋಡಿ ಇಳಿಸಿ, ಭಾವನವರಿಗೆ 6-5ನ್ನೇ ಕೊಟ್ಟೆ. ಹಿಂದಿನ ಕವಡೆಗಳು ಅಲುಗಲಿಲ್ಲ. ಅವರು ತಮ್ಮ 13ರಿಂದ ಒಂದನ್ನು 8ಕ್ಕೆ, ಇನ್ನೊಂದನ್ನು 7ಕ್ಕೆ ಇಳಿಸಿದರು. 7ರಲ್ಲಿ ಒಂಟಿಯಾದ ಆ ಕವಡೆ 24ರಲ್ಲಿದ್ದ ನನ್ನ ಜೋಡಿಗೆ ಆರು ಮನೆ ದೂರದಲ್ಲಿತ್ತು. ಆರು ಬೀಳುವ 11, ಜೊತೆಗೆ 5-1, 4-2 ಎರಡೆರಡು, 3-3 ಒಂದು. 2-2 ಮಾತ್ರ ಅವರ 5ನೇ ಮನೆಗೆ ತಗುಲಿ ನಿಲ್ಲುತ್ತದೆ. ಹೀಗೆ ಹೊಡೆಯಲು 16 ಗರಗಳೆಂದು ಎಣಿಸಿದ್ದೇನೆ.

ಸಾಗರದಿಂದ

ಎಣಿಕೆ ಸರಿಯಾಗಿದೆ.