ಅಪ್‌ಡೇಟ್: ಚಟ ಬಿಡಿಸುವ ಕೇಂದ್ರದಿಂದ ಸಾಮಾನ್ಯ ವೈದ್ಯರವರೆಗೆ

ಚಟ ಬಿಡಿಸುವ ಚಿಕಿತ್ಸೆಯಲ್ಲಿರುವವರು ಬಿಪಿ, ಶುಗರ್, ಲಿವರ್ ತೋರಿಸಲು ಸಾಮಾನ್ಯ ವೈದ್ಯರ ಬಳಿ ಹೋಗುತ್ತಲೇ ಇಲ್ಲ, ಏನು ಮಾಡೋಣ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಬಂದ ಉತ್ತರಗಳ ಸಾರ ಇದು. ಬರೀ ಚೀಟಿ ಕೊಟ್ಟರೆ ಯಾರೂ ಹೋಗುವುದಿಲ್ಲ. ಡಿಸ್ಚಾರ್ಜ್‌ಗೆ ಮುಂಚೆ, ರೋಗಿ ಎದುರಿಗಿರುವಾಗಲೇ ಕ್ಲಿನಿಕ್‌ಗೆ ಫೋನ್ ಮಾಡಿ ದಿನ ಗೊತ್ತುಮಾಡಬೇಕು. ಮೊದಲ ಭೇಟಿಗೆ ಒಬ್ಬರು ಜೊತೆಗೆ ಹೋದರೆ ಇನ್ನೂ ಒಳ್ಳೆಯದು. ಮಾಹಿತಿ ಹಂಚಿಕೊಳ್ಳಲು ರೋಗಿಯ ಸಹಿ ಮೊದಲೇ ಬೇಕು.

ಜೊತೆಗೆ ಆ ವೈದ್ಯರಿಗೆ ಒಂದು ಪುಟದ ಸಾರಾಂಶ: ಔಷಧ, ಡೋಸ್, ಕೊನೆಯ ಡೋಸ್ ಯಾವಾಗ, ಲಿವರ್, ಹೆಪಟೈಟಿಸ್ ಬಿ, ಸಿ, ಎಚ್‌ಐವಿ ರಿಪೋರ್ಟ್. ಇದರಲ್ಲಿ ಔಷಧದ ಸಾಲೇ ಜೀವಾಳ. ಮೆಥಡೋನ್ (ಹೆರಾಯಿನ್‌ನಂಥ ಚಟಕ್ಕೆ ಬದಲಿಯಾಗಿ ಕೊಡುವ ಔಷಧ) ಮೇಲಿರುವವರಿಗೆ ಟಿಬಿಗೆಂದು ರಿಫಾಂಪಿಸಿನ್ ಶುರುಮಾಡಿದರೆ ಮೆಥಡೋನ್ ಮಟ್ಟ ಇಳಿದು ವಿತ್‌ಡ್ರಾವಲ್ (ಔಷಧ ಸಾಲದೆ ಮೈಕೈ ನೋವು, ಚಡಪಡಿಕೆ) ಬರುತ್ತದೆ, ಮತ್ತೆ ಚಟಕ್ಕೆ ಜಾರುವ ಭಯ. ನಾಲ್ಟ್ರೆಕ್ಸೋನ್ (ಮದ್ಯ, ಹೆರಾಯಿನ್ ಚಟ ಮರುಕಳಿಸದಂತೆ ಕೊಡುವ ಔಷಧ) ತೆಗೆದುಕೊಳ್ಳುವವರಿಗೆ ಮಾರ್ಫಿನ್ ಜಾತಿಯ ನೋವಿನ ಔಷಧ ನಾಟುವುದಿಲ್ಲ; ಆಪರೇಷನ್ ಇದ್ದರೆ ಎರಡೂ ಕಡೆಯ ವೈದ್ಯರು ಮೊದಲೇ ಮಾತಾಡಿಕೊಳ್ಳಲೇಬೇಕು.